ಗಂಗೊಳ್ಳಿ ಹಿನ್ನೀರಿನಲ್ಲಿ ಆರು ವರ್ಷ ಓಡಿದ ನಮ್ಮ ಅಲ್ಯೂಮಿನಿಯಂ ದೋಣಿ

2019ರ ಜನವರಿಯಲ್ಲಿ ಈ ದೋಣಿ ತಂದೆವು. 14 ಅಡಿ ಉದ್ದ, 3 ಮಿಲಿಮೀಟರ್ ದಪ್ಪದ ತಗಡು, 5052 ನಂಬರಿನ ಅಲ್ಯೂಮಿನಿಯಂ. ಗಂಗೊಳ್ಳಿ ಅಳಿವೆಯ ಒಳಗಡೆ ನಮ್ಮ ಮೀನಿನ ಪಂಜರಗಳಿವೆ, ಕುರುಡಿ ಮತ್ತು ಕೆಂಬೇರಿ ಸಾಕುತ್ತೇವೆ. ದಿನಕ್ಕೆ ಎರಡು ಸಲ ಮೇವು ಹೊತ್ತು ಹೋಗುವುದು ಇದರಲ್ಲೇ. ಸಂಜೆ ದಡಕ್ಕೆ ಎಳೆಯಲು ನಾನೂ ತಮ್ಮನೂ ಸಾಕು. ಹಳೆಯ ಮರದ ದೋಣಿಗೆ ನಾಲ್ಕು ಜನ ಬೇಕಿತ್ತು.

ಅಲ್ಯೂಮಿನಿಯಂಗೆ ತುಕ್ಕು ಹಿಡಿಯುವುದಿಲ್ಲ ಅಂತ ಮಾರಿದವರು ಹೇಳಿದ್ದರು. ಎರಡು ವರ್ಷ ನಾವೂ ಹಾಗೇ ನಂಬಿದ್ದೆವು.

2021ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ತಳದಲ್ಲಿ ಚೊಂಬಿನಷ್ಟು ನೀರು ನಿಂತಿತ್ತು. ಎಲ್ಲಿಂದ ಬಂತು ಅಂತ ತಿಳಿಯಲಿಲ್ಲ. ಕಾಲು ಜಾರದಿರಲಿ ಅಂತ ಹಾಸಿದ್ದ ರಬ್ಬರ್ ಮ್ಯಾಟ್ ಎತ್ತಿದೆ. ಕೆಳಗೆ ಒದ್ದೆ ಮರಳು, ಮೇವಿನ ಪುಡಿ. ತೊಳೆದ ಮೇಲೆ ತಗಡಿನಲ್ಲಿ ಅಲ್ಲಲ್ಲಿ ಬಿಳಿ ಗುಳ್ಳೆ ಕಂಡವು, ಒಣಗಿದ ಸುಣ್ಣದ ಹನಿಯ ಹಾಗೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು. ಅದರ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಗುಳಿ. ಸೂಜಿ ಹಾಕಿದರೆ ಇಳಿಯುತ್ತಲೇ ಹೋಯಿತು. ಇನ್ನೊಂದು ಗುಳಿಯಲ್ಲಿ ಆಚೆಯ ಬೆಳಕೇ ಕಂಡಿತು. ಅದರ ಪಕ್ಕದಲ್ಲೇ ಬ್ಯಾಟರಿ ವೈರಿನಿಂದ ಬಿದ್ದ ತಾಮ್ರದ ಎಳೆ, ಹಸಿರು ಹಿಡಿದು ಅಂಟಿಕೊಂಡಿತ್ತು.

ವೆಲ್ಡಿಂಗ್ ಮಾಡುವವರು ದೋಣಿ ಮಗುಚಿ ನೋಡಿ, "ಹ್ವಾಯ್, ಇದ್ ಹೊರ್ಗಿಂದ ತಿಂದದ್ದಲ್ಲ, ಒಳ್ಗಿಂದ ತಿಂದದ್ದ್" ಅಂದರು. ಹೌದು! ದಿನವಿಡೀ ಉಪ್ಪುನೀರಿನಲ್ಲಿರುವ ಹೊರಮೈ ಬೂದು ಬಣ್ಣಕ್ಕೆ ತಿರುಗಿತ್ತು, ಅಷ್ಟೆ. ಹಾಳಾಗಿದ್ದು ನಾವು ಮುಚ್ಚಿಟ್ಟ ಒಳಮೈ.

ಯಾಕೆ ಹೀಗೆ ಅಂತ ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅಲ್ಯೂಮಿನಿಯಂ ಮೇಲೆ ಗಾಳಿಯಿಂದ ತಾನಾಗಿ ಒಂದು ಆಕ್ಸೈಡ್ ಪೊರೆ ಕಟ್ಟುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಗೀರಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಅದು ಪೊರೆಯ ದುರ್ಬಲ ಜಾಗ ಹುಡುಕುತ್ತದೆ, ಮುಖ್ಯವಾಗಿ ತಗಡಿನೊಳಗೆ ಕಬ್ಬಿಣ ಅಥವಾ ತಾಮ್ರ ಸೇರಿದ ಸಣ್ಣ ಕಣಗಳ ಸುತ್ತ. ಒಮ್ಮೆ ಗುಳಿಯಾದರೆ ಒಳಗಿನ ನೀರು ಆಮ್ಲವಾಗುತ್ತದೆ, ಇನ್ನಷ್ಟು ಕ್ಲೋರೈಡ್ ಎಳೆದುಕೊಳ್ಳುತ್ತದೆ. ಬಿಳಿ ಪುಡಿ ಬಾಯಿ ಮುಚ್ಚುವುದರಿಂದ ಆ ಆಮ್ಲ ಹೊರಗೂ ಹೋಗುವುದಿಲ್ಲ. ಅದಕ್ಕೇ ಮೇಲೆ ಸಾಸಿವೆ ಕಾಣುತ್ತದೆ, ಒಳಗೆ ಬಾವಿ ಇರುತ್ತದೆ. ಮ್ಯಾಟ್ ಕೆಳಗೆ ನಿಂತ ನೀರಿಗೆ ಗಾಳಿಯೂ ಸಿಗುವುದಿಲ್ಲ, ಪೊರೆ ಮತ್ತೆ ಕಟ್ಟುವುದು ಕಷ್ಟ. ತಾಮ್ರ ತಾಗಿದರಂತೂ ಬ್ಯಾಟರಿಯೇ ಆಯಿತು, ಕರಗುವುದು ಅಲ್ಯೂಮಿನಿಯಂ.

ತೂತಿನ ಜಾಗ ಹೊಳೆಯುವ ಲೋಹ ಬರುವವರೆಗೆ ಗ್ರೈಂಡ್ ಮಾಡಿ, ಆರ್ಗಾನ್ ವೆಲ್ಡಿಂಗ್‌ನಲ್ಲಿ 5356 ನಂಬರಿನ ಅಲ್ಯೂಮಿನಿಯಂ ತಂತಿಯಿಂದ ತುಂಬಿದರು. ಇಂದಿಗೂ ಒಂದು ಹನಿ ಸೋರಿಲ್ಲ. ಗುಳಿಯಲ್ಲಿ ಉಪ್ಪು ಉಳಿದರೆ ಬೆಸುಗೆ ಹಿಡಿಯುವುದಿಲ್ಲ, ಅವಸರ ಮಾಡಿಸಬೇಡಿ.

ನನಗೆ ನಿಜವಾಗಿ ಬೇಸರ ತಂದಿದ್ದು ಸೀಟಿನ ಬ್ರಾಕೆಟ್. ಒಂದು ಮುರಿದಾಗ ಬೇರೊಂದು ಅಂಗಡಿಯವರು 'ಇದೂ ಅಲ್ಯೂಮಿನಿಯಮ್ಮೇ' ಅಂತ ಯಾವುದೋ ತಗಡು ಕತ್ತರಿಸಿ ಕೊಟ್ಟರು. ಎರಡೇ ಬೇಸಿಗೆಯಲ್ಲಿ ಸಿಡುಬಿನ ಕಲೆಯಂತೆ ಗುಳಿ ಬಿದ್ದವು. ಎಲ್ಲ ಅಲ್ಯೂಮಿನಿಯಂ ಒಂದೇ ಅಲ್ಲ. ಮೆಗ್ನೀಸಿಯಂ ಸೇರಿದ 5052, 5083 ಉಪ್ಪುನೀರಿಗೆ ಒಗ್ಗುತ್ತವೆ. 2024 ನಂಬರಿನ ಅಲ್ಯೂಮಿನಿಯಂನಲ್ಲಿ ಶೇಕಡಾ 4ರಷ್ಟು ತಾಮ್ರ ಇರುತ್ತದೆ, ವಿಮಾನಕ್ಕೆ ಸರಿ, ಬರಿ ಮೈಯಲ್ಲಿ ಸಮುದ್ರಕ್ಕೆ ಬೇಡ. ಬಿಲ್ಲಿನಲ್ಲಿ ನಂಬರ್ ಬರೆಸಿಕೊಳ್ಳಿ. ಪಾಚಿ, ಚಿಪ್ಪು ಅಂಟದಿರಲಿ ಅಂತ ತಳಕ್ಕೆ ಬಳಿಯುವ, ತಾಮ್ರ ಇರುವ ಆ್ಯಂಟಿಫೌಲಿಂಗ್ ಬಣ್ಣವನ್ನಂತೂ ಹಚ್ಚಲೇಬೇಡಿ.

ಇನ್ನೊಂದು ವಿಷಯ ನಮ್ಮ ಕಡೆಯವರಿಗೆ. ಇಲ್ಲಿ ಐದು ನದಿ ಸೇರುತ್ತವೆ ಅಲ್ವಾ, ಮಳೆಗಾಲದಲ್ಲಿ ನೀರು ಹೆಚ್ಚು ಕಡಿಮೆ ಸಿಹಿಯಾಗುತ್ತದೆ. ದೋಣಿಗೆ ಬದಲಾಗಿ ಕರಗಲಿ ಅಂತ ಹಾಕುವ ಸತುವಿನ ಆ್ಯನೋಡ್ ಸಿಹಿನೀರಿನಲ್ಲಿ ಗಟ್ಟಿ ಹೊಪ್ಪಳೆ ಕಟ್ಟಿ ಸುಮ್ನೆ ಕೂರುತ್ತದೆ. ನಮ್ಮದೂ ಹಾಗೇ ಆಯಿತು. ಈಗ ಅಲ್ಯೂಮಿನಿಯಂ ಆ್ಯನೋಡ್ ಹಾಕಿದ್ದೇವೆ, ಎರಡೂ ಕಾಲಕ್ಕೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಸ್ಟೀಲ್ ಬೋಲ್ಟುಗಳ ಕೆಳಗೆ ನೈಲಾನ್ ವಾಷರ್ ಕೊಟ್ಟಿದ್ದೇವೆ. ಸಂಜೆ ಮ್ಯಾಟ್ ಎತ್ತಿ, ಬಾವಿ ನೀರಿನಲ್ಲಿ ತೊಳೆದು, ಒಣಗಲು ಬಿಡುತ್ತೇವೆ. ಹತ್ತು ನಿಮಿಷದ ಕೆಲಸ. ಉಜ್ಜಲು ನೈಲಾನ್ ಬ್ರಷ್ಷೇ ಬೇಕು, ಕಬ್ಬಿಣದ ಬ್ರಷ್ ಉಜ್ಜಿದರೆ ಅದರ ಚೂರು ತಗಡಿನಲ್ಲೇ ಕೂತು ಹೊಸ ಗುಳಿ ಶುರು ಮಾಡುತ್ತದೆ.

ಬಿಸಿಲಿಗೆ ತಗಡು ಕಾಯುತ್ತದೆ, ಅಲೆ ಬಡಿದರೆ ಸದ್ದು ಜಾಸ್ತಿ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಮತ್ತೆ ದೋಣಿ ತಗೊಳ್ಳುವುದಾದರೆ ಇದನ್ನೇ ತಗೊಳ್ಳುತ್ತೇನೆ, ತಳ ಮಾತ್ರ 4 ಮಿಲಿಮೀಟರ್. ಸ್ವಚ್ಛವಾಗಿಟ್ಟರೆ ಗುಳಿ ಇಳಿಯುವ ವೇಗ ಕಾಲ ಕಳೆದಂತೆ ಕಡಿಮೆಯಾಗುತ್ತದೆ. ಹೆಚ್ಚು ಕಡಿಮೆ ಎಂಟು ಪಟ್ಟು ಸಮಯಕ್ಕೆ ಎರಡು ಪಟ್ಟು ಆಳ ಅನ್ನುವ ಲೆಕ್ಕ. ಹಾಗಾಗಿ ತಗಡು ಒಂದು ಮಿಲಿಮೀಟರ್ ಹೆಚ್ಚಿದ್ದರೂ ತುಂಬಾ ವರ್ಷ ಸಿಗುತ್ತದೆ.

ಒಂದು ಗುಳಿಯನ್ನು ತುಂಬಿಸದೆ, ಸುತ್ತ ಮಾರ್ಕರ್‌ನಲ್ಲಿ ಗುರುತು ಹಾಕಿ ಬಿಟ್ಟಿದ್ದೇನೆ. ದೀಪಾವಳಿಗೊಮ್ಮೆ ಸೂಜಿ ಇಳಿಸಿ ಅಳೆಯುತ್ತೇನೆ. 2022ರಲ್ಲಿ 0.8 ಮಿಲಿಮೀಟರ್ ಇತ್ತು, 2024ರಲ್ಲಿ 0.9.