ಕನ್ನಡಕ, ಲೆನ್ಸ್, ಲೇಸರ್: ಮೂರನ್ನೂ ಕಂಡ ಕಣ್ಣಿನ ಲೆಕ್ಕ

ಹತ್ತನೆಯ ವಯಸ್ಸಿಗೆ ಕನ್ನಡಕ, ಇಪ್ಪತ್ತೊಂದಕ್ಕೆ ಕಾಂಟ್ಯಾಕ್ಟ್ ಲೆನ್ಸ್, ಇಪ್ಪತ್ತೇಳಕ್ಕೆ ಲೇಸರ್. ನನ್ನ ಕಣ್ಣು ಮೂರನ್ನೂ ಕಂಡಿದೆ. ನಾನು ಲೇಸರ್ ಮಾಡಿಸಿಕೊಂಡ ವಾರವೇ ಅದೇ ಆಸ್ಪತ್ರೆಯಲ್ಲಿ ನನ್ನ ತಂಗಿಯೂ ಮಾಡಿಸಿಕೊಂಡಳು. ನಂಬರ್ ತೆಗೆಯುವ ಲೇಸರ್ ಆಪರೇಷನ್ನಿನಲ್ಲಿ ಹಲವು ವಿಧ: ಅವಳದು ಲೇಸಿಕ್, ನನ್ನದು ಪಿಆರ್‌ಕೆ. ಹಾಗಾಗಿ ಪರಿಚಯದವರಲ್ಲಿ ಯಾರ ಮಗನಿಗೆ ನಂಬರ್ ಏರಿದರೂ, ಯಾರ ಮಗಳಿಗೆ ಗಂಡು ಹುಡುಕಲು ಶುರು ಮಾಡಿದರೂ ಫೋನ್ ನನಗೆ ಬರುತ್ತದೆ. ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಯಾವುದು ಬೇಡ ಎಂಬುದನ್ನು ನಾನು ಮೊದಲು ಹೇಳುತ್ತೇನೆ. ಆಪರೇಷನ್ನಿಗೆ ಹೆದರಿ, ಲೆನ್ಸ್ ಸುರಕ್ಷಿತ ಎಂದುಕೊಂಡು ವರ್ಷಗಟ್ಟಲೆ ಅದನ್ನೇ ಹಾಕಿಕೊಳ್ಳುವವರು ಬಹಳ. ನಾನು ಬಳಸಿದವುಗಳಲ್ಲಿ ನನ್ನ ಕಣ್ಣಿಗೆ ನಿಜವಾದ ಪೆಟ್ಟು ಕೊಟ್ಟದ್ದು ಅದೊಂದೇ.

ಕನ್ನಡಕದ ಬಗ್ಗೆ ನನಗೆ ಸಿಟ್ಟಿಲ್ಲ. ನನ್ನ ನಂಬರ್ ಮೈನಸ್ ಆರು. ಅಂದರೆ ಕಣ್ಣಿನಿಂದ ಒಂದು ಗೇಣಿಗೂ ಕಡಿಮೆ ದೂರದಲ್ಲಿದ್ದುದಷ್ಟೇ ಸ್ಪಷ್ಟ, ಅದರಾಚೆ ಎಲ್ಲವೂ ಕಲಸಿದ ಬಣ್ಣ. ನಮ್ಮೂರು ತೀರ್ಥಹಳ್ಳಿಯ ಕಡೆ. ಜೂನ್ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಕೊಡೆ ಹಿಡಿದರೂ ಗಾಜಿನ ಮೇಲೆ ಇರಚಲು, ಬಚ್ಚಲ ಹಂಡೆಯ ಮುಚ್ಚಳ ತೆಗೆದರೆ ಆವಿ, ಒರೆಸಲು ಒಣಗಿದ ಸೆರಗೂ ಸಿಗದ ದಿನಗಳು. ದಪ್ಪ ಮೈನಸ್ ಗಾಜು ನೋಡಿದ್ದನ್ನೆಲ್ಲ ಕೊಂಚ ಚಿಕ್ಕದಾಗಿ ತೋರಿಸುತ್ತದೆ, ಅಂಚಿನಲ್ಲಿ ಬಾಗಿಸುತ್ತದೆ. ಆದರೂ ಹದಿನೇಳು ವರ್ಷ ಕನ್ನಡಕದಿಂದ ನನ್ನ ಕಣ್ಣಿಗೆ ಒಂದು ಗೀರೂ ಬೀಳಲಿಲ್ಲ. ನಂಬರ್ ಇನ್ನೂ ಏರುತ್ತಿರುವ ಮಕ್ಕಳಿಗೆ ಇದನ್ನು ಬಿಟ್ಟು ಬೇರೆ ಯೋಚನೆ ಬೇಡ. ಲೇಸರ್‌ಗೆ ಹದಿನೆಂಟು ತುಂಬಿರಬೇಕು, ಕನಿಷ್ಠ ಒಂದು ವರ್ಷವಾದರೂ ನಂಬರ್ ನಿಂತಿರಬೇಕು.

ಲೆನ್ಸ್ ಹಾಕಿದ ಮೊದಲ ದಿನ ಮಾತ್ರ ನಾನು ಮರೆಯುವುದಿಲ್ಲ. ಕಣ್ಣಿನ ಮೂಲೆಯವರೆಗೂ ಲೋಕ ಒಂದೇ ಸಮ ಕಂಡಿತ್ತು. ನೋಟದ ಗುಣಮಟ್ಟ ಒಂದನ್ನೇ ಅಳೆದರೆ ಲೆನ್ಸ್ ಇವತ್ತಿಗೂ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಅದು ಪ್ರತಿದಿನವೂ ಶಿಸ್ತು ಕೇಳುತ್ತದೆ. ನಾಲ್ಕು ವರ್ಷ ಆ ಶಿಸ್ತು ತಪ್ಪಿಸದವಳು ಒಂದು ರಾತ್ರಿ ತಪ್ಪಿಸಿದೆ. ಊರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು. ಕೈ ತೊಳೆಯಲು ನೀರಿಲ್ಲ, ಕೊಳೆ ಕೈಯಲ್ಲಿ ಮುಟ್ಟುವುದಕ್ಕಿಂತ ಹಾಗೇ ಇರಲಿ ಎಂದು ಲೆನ್ಸ್ ಸಮೇತ ನಿದ್ದೆ ಹೋದೆ. ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ಎಡಗಣ್ಣು ಕೆಂಡವಾಗಿತ್ತು, ಬೆಳಕು ನೋಡಲಾಗುತ್ತಿರಲಿಲ್ಲ. ಕಾರ್ನಿಯಾದ ಮೇಲೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ ಮೇಲೆ, ಹುಣ್ಣು. ಮೊದಲ ಎರಡು ದಿನ ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಹನಿ ಔಷಧ. ವಾಸಿಯಾಗಲು ಮೂರು ವಾರ. ಗುರುತಾಗಿ ಸಣ್ಣದೊಂದು ಬಿಳಿ ಚುಕ್ಕೆ ಉಳಿದಿದೆ. ಪಾಪೆಯಿಂದ ಆಚೆಗಿರುವುದರಿಂದ ನೋಟಕ್ಕೆ ಅಡ್ಡಿಯಿಲ್ಲ.

ಕಾರಣವನ್ನು ಡಾಕ್ಟರರು ಆಮೇಲೆ ಬಿಡಿಸಿ ಹೇಳಿದರು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಕಣ್ಣೀರಿನ ಪದರದ ಮೂಲಕ ಗಾಳಿಯಿಂದಲೇ ಆಮ್ಲಜನಕ ಪಡೆಯುತ್ತದೆ. ರೆಪ್ಪೆ ಮುಚ್ಚಿ, ಕೆಳಗೆ ಲೆನ್ಸೂ ಇದ್ದರೆ ಅದಕ್ಕೆ ಉಸಿರು ಕಟ್ಟುತ್ತದೆ, ಆ ಹೊತ್ತಿಗೆ ರೋಗಾಣು ಹೊಕ್ಕುತ್ತದೆ. ಲೆನ್ಸ್ ಹಾಕಿಕೊಂಡು ಹೊಳೆಗೆ ಇಳಿಯುವುದು, ಲೆನ್ಸಿನ ಡಬ್ಬಿಯನ್ನು ನಲ್ಲಿ ನೀರಿನಲ್ಲಿ ತೊಳೆಯುವುದು ಇದಕ್ಕಿಂತ ಕೆಟ್ಟದ್ದು. ಅಂಥ ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಣ್ಣಿಗೆ ಹೊಕ್ಕರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಮದುವೆ ಮನೆಗೋ, ಆಟದ ದಿನಕ್ಕೋ ಒಂದು ದಿನ ಬಳಸಿ ಎಸೆಯುವ ಲೆನ್ಸ್ ಹಾಕಿಕೊಳ್ಳುತ್ತೇನೆ ಎಂದರೆ ನಾನು ಬೇಡ ಎನ್ನುವುದಿಲ್ಲ. ವರ್ಷವಿಡೀ ಎಂದರೆ ಬೇಡ ಎಂದೇ ಹೇಳುತ್ತೇನೆ.

ಹುಣ್ಣು ವಾಸಿಯಾಗಿ ಎರಡು ವರ್ಷಕ್ಕೆ ಲೇಸರ್ ವಿಚಾರಿಸಲು ಹೊರಟೆ. ಒಂದು ಕಡೆ ಫೋನಿನಲ್ಲೇ “ಎಷ್ಟು ನಂಬರ್ ಇದ್ದರೂ ತೆಗೆಯುತ್ತೇವೆ, ಶನಿವಾರ ಬನ್ನಿ” ಎಂದರು. ಕಾರ್ನಿಯಾ ನೋಡದೆ ಹಾಗೆ ಹೇಳಬಲ್ಲವರ ಹತ್ತಿರ ಕಣ್ಣು ಕೊಡಬಾರದು ಎಂದು ಬಿಟ್ಟೆ. ಇನ್ನೊಂದು ಆಸ್ಪತ್ರೆಯಲ್ಲಿ ಎರಡು ವಾರ ಲೆನ್ಸ್ ಹಾಕದೆ ಬರಲು ಹೇಳಿದರು, ಏಕೆಂದರೆ ಲೆನ್ಸ್ ಕಾರ್ನಿಯಾದ ಆಕಾರವನ್ನೇ ಕೊಂಚ ಒತ್ತಿರುತ್ತದೆ. ಬಂದ ಮೇಲೆ ಮೂರು ಗಂಟೆ ಪರೀಕ್ಷೆ. ಕಾರ್ನಿಯಾದ ನಕ್ಷೆ, ದಪ್ಪ, ಕಣ್ಣೀರಿನ ಪ್ರಮಾಣ, ಪಾಪೆ ಅಗಲಿಸಿ ಕಣ್ಣಿನ ಹಿಂಭಾಗದ ಅಕ್ಷಿಪಟಲದ ತಪಾಸಣೆ. ಕಣ್ಣು ಉಜ್ಜುವ ಅಭ್ಯಾಸವಿದೆಯೇ ಎಂದು ಎರಡು ಸಲ ಕೇಳಿದರು. ಕಾರ್ನಿಯಾ ಶಂಕುವಿನಂತೆ ಚೂಪಾಗುವ ಕೆರಟೊಕೋನಸ್ ಕಾಯಿಲೆಯ ಸುಳಿವಿದ್ದರೆ ಲೇಸಿಕ್ ಮಾಡುವುದಿಲ್ಲ.

ಅಕ್ಕತಂಗಿಯರ ದಾರಿ ಬೇರೆಯಾದದ್ದು ಇಲ್ಲಿ. ಡಾಕ್ಟರರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು. ತಂಗಿಯ ಕಾರ್ನಿಯಾ 552 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪ, ನಂಬರ್ ಮೂರೂವರೆ. ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಸುಮಾರು 110 ಮೈಕ್ರಾನ್ ದಪ್ಪಕ್ಕೆ ಮುಚ್ಚಳದ ಹಾಗೆ ಕತ್ತರಿಸಿ ಎತ್ತುತ್ತಾರೆ. ಕೆಳಗೆ ಒಂದು ನಂಬರಿಗೆ ಸುಮಾರು 14 ಮೈಕ್ರಾನ್‌ನಂತೆ ಲೇಸರ್ ಸವೆಸುತ್ತದೆ. ಅವಳಿಗೆ 393 ಉಳಿಯುತ್ತಿತ್ತು. ನನ್ನದು 488, ನಂಬರ್ ಆರು; ಉಳಿಯುವುದು 294. ಮುಚ್ಚಳದ ಕೆಳಗೆ 250ಕ್ಕಿಂತ ಕಡಿಮೆ ಉಳಿಯಲೇಬಾರದು, 300 ಇದ್ದರೆ ನನಗೆ ನೆಮ್ಮದಿ ಎಂದರು ಅವರು. ಪಿಆರ್‌ಕೆಯಲ್ಲಿ ಮುಚ್ಚಳವೇ ಇಲ್ಲ. ಮೇಲಿನ 50 ಮೈಕ್ರಾನ್‌ನಷ್ಟು ತೆಳು ಚರ್ಮವನ್ನು ಒರೆಸಿ ತೆಗೆದು ಅಲ್ಲೇ ಲೇಸರ್ ಹಾಯಿಸುತ್ತಾರೆ, ಆ ಚರ್ಮ ತಾನೇ ಮತ್ತೆ ಬೆಳೆಯುತ್ತದೆ. ನನಗೆ 354 ಉಳಿಯುತ್ತಿತ್ತು. ಪಿಆರ್‌ಕೆ ಹಳೆಯದು, ಹಾಗಾಗಿ ಅಗ್ಗದ್ದು, ಹಾಗಾಗಿ ಕೀಳು ಎಂಬ ಮಾತನ್ನು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ತೆಳು ಕಾರ್ನಿಯಾದವರಿಗೆ ಹೆಚ್ಚು ಆಧಾರ ಉಳಿಸುವುದು ಅದೇ.

ಮೇಜಿನ ಮೇಲಿನ ಹೊತ್ತು ಇಬ್ಬರದೂ ಒಂದೇ. ಅರಿವಳಿಕೆ ಹನಿ, ರೆಪ್ಪೆ ಮುಚ್ಚದಂತೆ ಹಿಡಿಯುವ ಸಣ್ಣ ಕ್ಲಿಪ್ಪು, ನೋಡುತ್ತಿರಲು ಒಂದು ಮಿನುಗುವ ದೀಪ. ಕಣ್ಣು ಅಲುಗಿದರೆ ಏನು ಗತಿ ಎಂದು ಎಲ್ಲರೂ ಕೇಳುತ್ತಾರೆ. ಯಂತ್ರ ಪಾಪೆಯನ್ನು ಹಿಂಬಾಲಿಸುತ್ತದೆ, ಹೆಚ್ಚು ಸರಿದರೆ ಲೇಸರ್ ನಿಂತುಬಿಡುತ್ತದೆ. ಟಕಟಕ ಸದ್ದು, ಕೂದಲು ಸುಟ್ಟಂಥ ವಾಸನೆ, ಒಂದು ಕಣ್ಣಿಗೆ ನಿಮಿಷವೂ ಹಿಡಿಯಲಿಲ್ಲ. ವಾಸನೆ ಬಂದರೂ ಅಲ್ಲಿ ಕಣ್ಣು ಸುಡುವುದಿಲ್ಲ. 193 ನ್ಯಾನೊಮೀಟರಿನ ಈ ಎಕ್ಸೈಮರ್ ಬೆಳಕು ಅಕ್ಕಪಕ್ಕಕ್ಕೆ ಬಿಸಿ ತಾಗಿಸದೆ ಅಣುಗಳ ಬಂಧ ಬಿಡಿಸುತ್ತದೆ. ಅದನ್ನು 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಹಬ್ಬದ ಊಟದಲ್ಲಿ ಮಿಕ್ಕ ಟರ್ಕಿ ಕೋಳಿಯ ಮೇಲೆ ಪರೀಕ್ಷಿಸಿದವರು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. ನನ್ನ ಕನ್ನಡಕ ಇಳಿಸಿದ ಕೈಗಳಲ್ಲಿ ಅವರದೂ ಒಂದು ಎಂದು ನೆನೆಯುತ್ತೇನೆ.

ಮೊದಲ ವಾರದಲ್ಲಿ ಮಾತ್ರ ನಮ್ಮಿಬ್ಬರದು ಅಜಗಜಾಂತರ. ತಂಗಿಗೆ ಐದಾರು ಗಂಟೆ ಉರಿ, ನೀರು. ಮಲಗಿ ಎದ್ದವಳು ಮರುದಿನ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನಲ್ಲಿ ರಾಹುಕಾಲದ ಸಣ್ಣಕ್ಷರವನ್ನು ಹಾಸಿಗೆಯಿಂದಲೇ ಓದಿದಳು. ನಾನು ಪಕ್ಕದ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಮಲಗಿದ್ದೆ. ಎರಡನೆಯ ರಾತ್ರಿ ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಕಣ್ಣು ತಿಕ್ಕಿಕೊಂಡಂತೆ, ಆ ಉರಿ ಇಳಿಯದೇ ಇದ್ದಂತೆ. ಅಮ್ಮ ಅರ್ಧರಾತ್ರಿಯಲ್ಲಿ ಹಣೆಯ ಮೇಲೆ ತಣ್ಣೀರ ಬಟ್ಟೆ ಬದಲಿಸುತ್ತಿದ್ದರು. ನೋವಿನ ಮಾತ್ರೆ ಕೊಟ್ಟಿರುತ್ತಾರೆ. ಮರಗಟ್ಟಿಸುವ ಹನಿಯನ್ನು ಅಂಗಡಿಯಿಂದ ತಂದು ಹಾಕಿಕೊಳ್ಳಬೇಡಿ, ಗಾಯ ಮಾಯುವುದನ್ನು ಅದು ತಡೆಯುತ್ತದೆ. ಐದನೆಯ ದಿನ ರಕ್ಷಣೆಗೆ ಇಟ್ಟಿದ್ದ ಬ್ಯಾಂಡೇಜ್ ಲೆನ್ಸ್ ತೆಗೆದರು. ಆಮೇಲೂ ಎರಡು ವಾರ ಎಲ್ಲವೂ ಮಂಜು. ಬಸ್ಸಿನ ಬೋರ್ಡು ದೂರದಿಂದ ಓದಲು ಬಂದದ್ದು ಹದಿನೆಂಟನೆಯ ದಿನ, ನೋಟ ಪೂರ್ತಿ ನೆಲೆಗೊಂಡದ್ದು ಮೂರನೆಯ ತಿಂಗಳಿಗೆ. ಅಷ್ಟೂ ದಿನ ಕ್ರಮ ತಪ್ಪದೆ ಸ್ಟಿರಾಯ್ಡ್ ಹನಿ, ಬಿಸಿಲಿಗೆ ಹೋದರೆ ಕಪ್ಪು ಕನ್ನಡಕ. ರಜೆ ಎರಡು ವಾರವಾದರೂ ಸಿಗದಿದ್ದರೆ ಪಿಆರ್‌ಕೆಗೆ ಕೈ ಹಾಕಬೇಡಿ.

ಆರು ತಿಂಗಳಿಗೆ ತಕ್ಕಡಿ ಇತ್ತ ತೂಗಿತು. ಮುಚ್ಚಳ ಕತ್ತರಿಸುವಾಗ ಕಾರ್ನಿಯಾದ ನರಗಳೂ ಕತ್ತರಿಸುತ್ತವೆ, ಕಣ್ಣೀರು ಕಡಿಮೆಯಾಗುತ್ತದೆ. ಎಸಿ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ತಂಗಿ ಎಂಟು ತಿಂಗಳು ಹನಿಯ ಶೀಶೆ ಚೀಲದಲ್ಲಿ ಇಟ್ಟುಕೊಂಡೇ ಓಡಾಡಿದಳು. ನನ್ನದು ಮೂರು ತಿಂಗಳಿಗೆ ಮುಗಿಯಿತು. ರಾತ್ರಿ ಎದುರು ಬರುವ ಲಾರಿಯ ದೀಪದ ಸುತ್ತ ಬಳೆಯಂಥ ಬೆಳಕು ಇಬ್ಬರಿಗೂ ಇತ್ತು, ನಿಧಾನಕ್ಕೆ ಮಾಸಿತು. ಮುಚ್ಚಳ ಎಂದಿಗೂ ಮೊದಲಿನಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಕಬಡ್ಡಿ, ಕರಾಟೆ ಆಡುವವರು ಇದನ್ನು ನೆನಪಿಡಬೇಕು. ಸ್ಮೈಲ್ ಎಂಬ ವಿಧಾನದಲ್ಲಿ ಮುಚ್ಚಳವಿಲ್ಲ, ಸಣ್ಣ ಸೀಳಿನಿಂದ ಒಳಗಿನ ತುಣುಕು ಹೊರತೆಗೆಯುತ್ತಾರೆ, ನಾವಿಬ್ಬರೂ ಮಾಡಿಸಿಕೊಂಡಿಲ್ಲ. ಮೈನಸ್ ಹನ್ನೊಂದು ಇದ್ದ ನನ್ನ ಸಹೋದ್ಯೋಗಿಗೆ ಲೇಸರ್ ಆಗುವುದೇ ಇಲ್ಲವೆಂದು ಕಣ್ಣಿನೊಳಗೆ ಐಸಿಎಲ್ ಎಂಬ ಲೆನ್ಸ್ ಕೂರಿಸಿದರು, ಆಕೆ ಸಂತೋಷವಾಗಿದ್ದಾರೆ.

ಹಣದ ಮಾತು. ಆಗ ಎರಡೂ ಕಣ್ಣಿಗೆ ನಾನು ಕೊಟ್ಟದ್ದು 45,000 ರೂಪಾಯಿ, ತಂಗಿ 85,000. ಲೆನ್ಸಿಗೂ ಅದರ ದ್ರಾವಣಕ್ಕೂ ನಾನು ವರ್ಷಕ್ಕೆ ಒಂಬತ್ತು ಸಾವಿರ ಸುರಿಯುತ್ತಿದ್ದೆ. ಆರೋಗ್ಯ ವಿಮೆ ಸಿಗಲಿಲ್ಲ, ಏಳೂವರೆಗಿಂತ ಕಡಿಮೆ ನಂಬರಿಗೆ ವಿಮೆ ಕೊಡುವುದಿಲ್ಲವೆಂದು ಪಾಲಿಸಿಗಳಲ್ಲೇ ಬರೆದಿರುತ್ತದೆ.

ಮತ್ತೆ ನಂಬರ್ ಬರುತ್ತದೆಯೇ? ನನ್ನ ಬಲಗಣ್ಣಿಗೆ ಅರ್ಧ ಮರಳಿದೆ, ಕನ್ನಡಕ ಬೇಕೆನಿಸಿಲ್ಲ. ಆದರೆ ನಲವತ್ತರ ಚಾಳೀಸು ಯಾವ ಲೇಸರ್‌ಗೂ ಹೆದರುವುದಿಲ್ಲ, ಅದು ಕಣ್ಣೊಳಗಿನ ಮಸೂರ ಬಿಗಿಯುವುದರಿಂದ ಬರುವಂಥದ್ದು. ಬಸುರಿಯರು, ಮೊಲೆಯೂಡುವವರು ಕಾಯಬೇಕು, ಆಗ ನಂಬರ್ ಏರುಪೇರಾಗುತ್ತದೆ. ಅಕ್ಷಿಪಟಲದ ತಪಾಸಣೆಯನ್ನೂ ಬಿಡುವಂತಿಲ್ಲ. ಲೇಸರ್ ಮುಂಭಾಗವನ್ನು ತಿದ್ದುತ್ತದೆ, ಉದ್ದವಾಗಿ ಬೆಳೆದ ಕಣ್ಣುಗುಡ್ಡೆ ಹಾಗೇ ಇರುತ್ತದೆ.

ಇನ್ನೊಂದು ಪ್ರಶ್ನೆ ಅಮ್ಮನದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೂ ಎಲ್ಲರೂ ನೇತ್ರದಾನಕ್ಕೆ ಹೆಸರು ಬರೆಸಿದೆವು. “ನಿಮ್ಮಿಬ್ಬರ ಕಣ್ಣು ಇನ್ನು ಯಾರಿಗೂ ಬರುವುದಿಲ್ಲವೇ?” ಎಂದರು ಅಮ್ಮ, ನಿಜವಾದ ಸಂಕಟದಿಂದ. ಬರುತ್ತದೆ. ಪುನೀತ್ ಅವರ ಎರಡು ಕಾರ್ನಿಯಾಗಳ ಮುಂದಿನ ಪದರ, ಹಿಂದಿನ ಪದರ ಬೇರ್ಪಡಿಸಿ ನಾಲ್ವರಿಗೆ ಕೂರಿಸಿದ್ದರಲ್ಲ, ಹಾಗೆ ನಮ್ಮ ಕಣ್ಣಿನ ಹಿಂದಿನ ಪದರವನ್ನು ಬಳಸಲು ಸಾಧ್ಯ. ಲೇಸರ್ ಮುಟ್ಟಿರುವುದು ಮುಂದಿನದನ್ನು. ಆಗಿರುವ ಶಸ್ತ್ರಚಿಕಿತ್ಸೆಯನ್ನು ಮನೆಯವರು ನೇತ್ರಬ್ಯಾಂಕಿಗೆ ತಿಳಿಸಿದರೆ ಸಾಕು.

ಆಪರೇಷನ್ನಿಗೆ ಮುಂಚಿನ ಅಳತೆಗಳ ಕಡತವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಮುಂದೆ ಕಣ್ಣಿಗೆ ಪೊರೆ ಬಂದಾಗ ಒಳಗೆ ಇಡುವ ಮಸೂರದ ಲೆಕ್ಕಕ್ಕೆ ಹಳೆಯ ನಂಬರ್, ಹಳೆಯ ಬಾಗು ನೆರವಾಗುತ್ತವೆ. ನಮ್ಮಿಬ್ಬರವೂ ಅಮ್ಮನ ಟ್ರಂಕಿನಲ್ಲಿ ಜಮೀನಿನ ಪಹಣಿಯ ಜೊತೆ ಇವೆ.