ಕುಂಟುವ ಕುದುರೆಗೆ ‘ಸಂಜೆಗೆ ಕುಣಿಸುವ’ ಸೂಜಿ ಹಾಕಿಸಬೇಡಿ

ಹುಮನಾಬಾದ್, ಬೀದರ್, ಕಲಬುರಗಿ ಕಡೆ ಮದುವೆ ಮೆರವಣಿಗೆಗೆಂದು ಕುದುರೆ ಸಾಕಿಕೊಂಡವರು ದಯವಿಟ್ಟು ಓದಿ. ಲಗ್ನದ ಹಂಗಾಮು ಶುರುವಾದರೆ ಸಾಕು, ಬೈಕಿಗೆ ಚೀಲ ನೇತುಹಾಕಿಕೊಂಡು ‘ಕುದುರೆ ಡಾಕ್ಟರ್’ ಎಂದು ಓಡಾಡುವವರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಅಂಥವನೊಬ್ಬನ ಕೈಗೆ ಸಿಕ್ಕಿ ನಮ್ಮ ಕಾಕಾನ ಕುದುರೆ ಇಡೀ ಹಂಗಾಮು ಮೂಲೆ ಸೇರಿತು.

ಮೊದಲು ಕಂಡದ್ದು ದೊಡ್ಡ ಕುಂಟೇನಲ್ಲ. ನಡೆಸಿದರೆ ಗೊತ್ತಾಗುತ್ತಿರಲಿಲ್ಲ; ಓಡಿಸಿದರೆ ಮಾತ್ರ ಎಡ ಮುಂಗಾಲು ನೆಲಕ್ಕೆ ಬಿದ್ದಾಗಲೆಲ್ಲ ತಲೆ ಮೇಲೆತ್ತುತ್ತಿತ್ತು. ಮೊಣಕಾಲಿನ ಕೆಳಗೆ, ಮೂಳೆಯ ಹಿಂಬದಿಗೆ ಇಳಿಯುವ ನರದ (ಡಾಕ್ಟರರ ಮಾತಿನಲ್ಲಿ ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಮೇಲೆ ಕೈಯಾಡಿಸಿದರೆ ಬಲಗಾಲಿಗಿಂತ ಬಿಸಿ. ಹೆಬ್ಬೆರಳಿನಿಂದ ಒತ್ತಿದರೆ ಕಾಲು ಎಳೆದುಕೊಳ್ಳುತ್ತಿತ್ತು. ಬಿಡುವು ಕೊಡುವ ಮಾತು ನಡೆದೇ ಇತ್ತು. ಅಷ್ಟರಲ್ಲಿ ಈತ ಬಂದ.

ಕಾಲೆತ್ತಿ ನೋಡಲಿಲ್ಲ, ಗೊರಸು ತಟ್ಟಲಿಲ್ಲ. ‘ಚಿಂತೆ ಬಿಡಿ ಕಾಕಾ, ಸಂಜೆಗೆ ಕುಣಿಯುತ್ತದೆ’ ಎಂದವನೇ ಲೇಬಲ್ ಕಿತ್ತ ಬಾಟಲಿಯಿಂದ ಕುತ್ತಿಗೆಗೊಂದು, ನೊಂದ ಜಾಗಕ್ಕೇ ಇನ್ನೊಂದು ಸೂಜಿ ಚುಚ್ಚಿದ. ಯಾವ ಔಷಧಿ ಎಂದು ಕೇಳಿದ್ದಕ್ಕೆ ‘ಹೈದರಾಬಾದಿನ ಮಾಲು’ ಎಂದ. ಹೇಳಿದಂತೆ ಸಂಜೆ ಕುದುರೆ ಬ್ಯಾಂಡಿನ ಮುಂದೆ ಕುಣಿಯಿತು. ಮರುದಿನ ಬೆಳಗ್ಗೆ ಆ ಕಾಲನ್ನು ನೆಲಕ್ಕೇ ಊರಲಿಲ್ಲ. ನರ ಬಿಲ್ಲಿನಂತೆ ಹಿಂದಕ್ಕೆ ಉಬ್ಬಿ ನಿಂತಿತ್ತು.

ಕರೆಸಿದರೆ ಎರಡನೆಯ ಉಪಾಯ ತಂದ: ಸಾಲಾಗಿ ಇನ್ನಷ್ಟು ಸೂಜಿ, ಅದಕ್ಕೂ ಬಗ್ಗದಿದ್ದರೆ ಕಾಲಿಗೆ ಬರೆ. ದುಡ್ಡು ಮುಂಗಡ. ಕಾಕು ಅವನನ್ನು ಅಂಗಳದಿಂದಲೇ ಹೊರಡಿಸಿದಳು.

ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕುದುರೆಯನ್ನು ಟೆಂಪೋದಲ್ಲಿ ಸಾಗಿಸಿದೆವು. ಏನು ಚುಚ್ಚಿದ್ದಾರೆ ಎಂಬುದು ಅಲ್ಲಿಯ ಡಾಕ್ಟರರ ಮೊದಲ ಪ್ರಶ್ನೆ. ನಮ್ಮ ಬಳಿ ಉತ್ತರವಿರಲಿಲ್ಲ. ನೋವು ನಿವಾರಕ ಮೈಯಲ್ಲಿರುವಾಗ ಕುಂಟು ಎಷ್ಟೆಂದು ಅಳೆಯಲಾಗದು; ಸ್ಟಿರಾಯ್ಡ್ ಆಗಿದ್ದರೆ ನೊಂದ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗುತ್ತದೆ, ಗೊರಸಿನೊಳಗೆ ಉರಿಯೂತ ಏಳುವ ಭಯವೂ ಇದೆ. ಸ್ಕ್ಯಾನ್ ಮಾಡಿದಾಗ ಸ್ನಾಯುರಜ್ಜುವಿನ ಎಳೆಗಳು ಹರಿದದ್ದು ಕಂಡಿತು. ನೋವಿದ್ದಾಗ ಕುದುರೆ ತಾನಾಗಿ ಕಾಲನ್ನು ಕಾಪಾಡಿಕೊಳ್ಳುತ್ತದೆ. ಆ ನೋವನ್ನು ಸೂಜಿ ಅಡಗಿಸಿತು, ಡಾಂಬರು ರಸ್ತೆಯ ಕುಣಿತ ಉಳಿದ ಕೆಲಸ ಮುಗಿಸಿತು.

ಇಂಥ ಗಾಯ ಕೂಡಲು 9ರಿಂದ 12 ತಿಂಗಳು ಹಿಡಿಯುತ್ತದೆ. ಸದ್ಯಕ್ಕೆ ಹೆಚ್ಚಿನ ಚಿಕಿತ್ಸೆ ಬೇಡ, ವಿಶ್ರಾಂತಿಯೇ ಚಿಕಿತ್ಸೆ ಎಂದರು. ಹಾಗೆಂದು ವಿಶ್ರಾಂತಿ ಎಂದರೆ ಗೂಟಕ್ಕೆ ಕಟ್ಟಿ ಮರೆಯುವುದಲ್ಲ. ಮೊದಲ ಒಂದೆರಡು ದಿನ ತಣ್ಣೀರು ಬಿಡಬೇಕು, ಬಿಸಿ ಶಾಖ ಕೂಡದು. ಆಮೇಲೆ ಹಗ್ಗ ಹಿಡಿದು ಸಮನೆಲದಲ್ಲಿ ಕೆಲವೇ ನಿಮಿಷ ನಡಿಗೆ, ಅದನ್ನು ವಾರದಿಂದ ವಾರಕ್ಕೆ ಹೆಚ್ಚಿಸಬೇಕು, ನಡುವೆ ಮತ್ತೆ ಸ್ಕ್ಯಾನ್. ದುಡಿಯುವ ಕುದುರೆಗೆ ಹಾಕುವಷ್ಟೇ ಕಡಲೆ, ಹುರುಳಿಯನ್ನು ನಿಂತ ಕುದುರೆಗೆ ಹಾಕಿದರೆ ಹೊಟ್ಟೆನೋವು, ಗೊರಸಿನ ಉರಿಯೂತ ಬರಬಹುದು. ಕಾಳು ತಗ್ಗಿಸಿ ಒಣಮೇವು ಹಾಕಿ ಎಂದರು. ಈ ಮಾತು ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಇದನ್ನು ಓದಿ ಎಲ್ಲ ಕುಂಟಿಗೂ ಬಿಡುವೇ ಮದ್ದು ಎಂದುಕೊಂಡೀರಿ! ಅದೇ ದಿನ ಆಸ್ಪತ್ರೆಯಲ್ಲಿ ಭಾಲ್ಕಿ ಕಡೆಯ ಒಂದು ಕುದುರೆ ನಿಂತಿತ್ತು. ಉಳುಕೆಂದು ಮನೆಯವರು ಅದನ್ನು ವಾರಗಟ್ಟಲೆ ಕಟ್ಟಿಹಾಕಿದ್ದರು. ಇಕ್ಕಳದಿಂದ ಗೊರಸನ್ನು ಒತ್ತುತ್ತ ಹೋದಾಗ ಒಂದೇ ಜಾಗದಲ್ಲಿ ಬೆಚ್ಚಿತು. ಅಲ್ಲಿ ಕೆತ್ತಿದರೆ ಕಪ್ಪು ಕೀವು ಸುರಿಯಿತು. ಅದಕ್ಕೆ ಬೇಕಿದ್ದದ್ದು ಕೀವಿಗೆ ದಾರಿ, ಉಪ್ಪು ಹಾಕಿದ ಬಿಸಿನೀರು, ಪಟ್ಟಿ, ಮತ್ತು ಧನುರ್ವಾಯುವಿನ ಚುಚ್ಚುಮದ್ದು. ಕುದುರೆಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ. ಗೊರಸಿಗೆ ಮೊಳೆ ಚುಚ್ಚಿದಾಗಲೂ ಇದನ್ನು ಬಿಡುವಂತಿಲ್ಲ.

ನಿನ್ನೆ ಚೆನ್ನಾಗಿದ್ದ ಕುದುರೆ ಇಂದು ಕಾಲೂರದಿದ್ದರೆ, ಗೊರಸು ಬಿಸಿಯಾಗಿದ್ದರೆ, ಗೊರಸಿನ ಮೇಲಿನ ಗಂಟಿನ ಹಿಂಬದಿಯಲ್ಲಿ ನಾಡಿ ಜೋರಾಗಿ ಬಡಿಯುತ್ತಿದ್ದರೆ ‘ನೋಡೋಣ’ ಎನ್ನದೆ ಅಂದೇ ತೋರಿಸಿ. ಸಣ್ಣ ಕುಂಟಾದರೆ ಮೆರವಣಿಗೆ ನಿಲ್ಲಿಸಿ, ಎರಡು ದಿನದಲ್ಲಿ ಇಳಿಯದಿದ್ದರೆ ತೋರಿಸಿ. ಮುಂಗಡ ತೆಗೆದುಕೊಂಡಿದ್ದೇವೆ ಎನ್ನುವವರಿಗೆ: ಕಾಕಾ ಕೂಡ ಮುಂಗಡಗಳನ್ನೆಲ್ಲ ಕೊನೆಗೆ ವಾಪಸು ಕೊಟ್ಟ.

1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರು ಮಾತ್ರ ಈ ವೃತ್ತಿ ಮಾಡಬಹುದು. ಬಂದವನ ನೋಂದಣಿ ಸಂಖ್ಯೆ ಕೇಳಿ, ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಮ್ಮ ಬೈಕಿನ ಡಾಕ್ಟರು ಈಗ ಕಲಬುರಗಿ ಕಡೆ ತಿರುಗುತ್ತಿದ್ದಾನೆಂದು ಸುದ್ದಿ. ಕುದುರೆಯನ್ನು ಸಾಗಿಸಲು ಗಾಡಿ ಇಲ್ಲದವರು 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾಲಯದ ಸಹಾಯ ಕೇಳಿ.