ಪಾವಗಡ, ಕೋಲಾರ, ಬಾಗೇಪಲ್ಲಿ: ಮೂರು ಕಡೆ ಟೆಂಪರರಿ ನರ್ಸ್ ಡ್ಯೂಟಿ ಮಾಡಿ ನೋಡಿದ್ದು

ಕೋಲಾರದಲ್ಲಿ ತಿಂಗಳಿಗೆ 23,000 ಅಂದರು. ಪಾವಗಡ ಕಡೆ 18,000. ಬಾಗೇಪಲ್ಲಿ ಕಡೆ ದಿನಕ್ಕೆ 600, ಅದೂ ಕೆಲಸ ಇದ್ದ ದಿನ ಮಾತ್ರ. ಒಂದೂವರೆ ವರ್ಷದಲ್ಲಿ ಈ ಮೂರೂ ಕಡೆ ಟೆಂಪರರಿಯಾಗಿ ಕೆಲಸ ಮಾಡಿದ್ದೇನೆ. ನಾನು ಓದಿದ್ದು ನರ್ಸಿಂಗ್ ಡಿಪ್ಲೊಮಾ, ಜಿಎನ್‌ಎಂ. ಊರು ಗುಬ್ಬಿ ಹತ್ತಿರ, ಮನೆಯಲ್ಲಿ ಅಮ್ಮ, ಒಂದಿಷ್ಟು ತೆಂಗು. ಜೂನಿಯರ್ ಹುಡುಗಿಯರು "ಅಕ್ಕಾ, ಯಾವುದಕ್ಕೆ ಹೋಗೋದು?" ಅಂತ ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿದೆ, ಅದಕ್ಕೆ ಇಲ್ಲಿ ಒಂದೇ ಸಲ ಬರೆದುಬಿಡುತ್ತೇನೆ.

ನನ್ನ ಬ್ಯಾಚಿನವಳೊಬ್ಬಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಇದಕ್ಕೆ ಟ್ರಾವೆಲ್ ನರ್ಸಿಂಗ್ ಅಂತಲೇ ಹೆಸರು. ಸಾಮಾನ್ಯವಾಗಿ 13 ವಾರದ ಕಾಂಟ್ರಾಕ್ಟ್, ಸಂಬಳದ ಜೊತೆ ಮನೆ ಬಾಡಿಗೆಗೂ ಬೇರೆ ದುಡ್ಡು. ಹಳ್ಳಿ ಕಡೆ ಹೋದರೆ ಬಾಡಿಗೆ ಕಮ್ಮಿ, ಕೈಯಲ್ಲಿ ಉಳಿಯೋದು ಜಾಸ್ತಿ ಅನ್ನೋದು ಅವಳ ಲೆಕ್ಕ. ನಾನು ಇಲ್ಲಿ ಬಾಡಿಗೆ ದುಡ್ಡು ಕೇಳಿದಾಗ ಕೆಲಸಕ್ಕೆ ಕಳಿಸುವ ಏಜೆನ್ಸಿಯವನು "ಏನ್ ಮೇಡಂ, ತಮಾಷೆನಾ?" ಅಂದ. ಇರಲಿ. ಅವಳ ಲೆಕ್ಕ ನಮ್ಮ ಕಡೆಗೂ ಹೊಂದುತ್ತದಾ ಅಂತ ನೋಡೋಣ ಅಂತ ಹೊರಟೆ. ಅರ್ಧ ಹೊಂದಿತು.

ಮೊದಲು ಹೋಗಿದ್ದು ಪಾವಗಡ ತಾಲ್ಲೂಕಿಗೆ, ಹೆರಿಗೆ ರಜೆ ಹಾಕಿದ್ದ ಒಬ್ಬ ಸಿಸ್ಟರ್ ಜಾಗಕ್ಕೆ ಮೂರು ತಿಂಗಳು. ಜಿಲ್ಲೆ ತುಮಕೂರೇ, ಆದರೆ ತುಮಕೂರಿಂದ ನೂರು ಕಿಲೋಮೀಟರ್ ಹತ್ತಿರ. ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ಬಸ್ಸಿನಲ್ಲಿ ಮಧುಗಿರಿ ಬೆಟ್ಟ ಹಿಂದೆ ಸರಿದ ಮೇಲೆ ಹಸಿರು ಕಮ್ಮಿಯಾಗುತ್ತಾ ಹೋಗುತ್ತದೆ. ಬಂಡೆ, ಕಡಲೆಕಾಯಿ ಹೊಲ, ಮತ್ತೆ ಬಂಡೆ. ತಿರುಮಣಿ ಕಡೆ ಹೋದರೆ ಕಣ್ಣಿಗೆ ಕಾಣುವಷ್ಟು ದೂರವೂ ಸೋಲಾರ್ ಪ್ಲೇಟುಗಳೇ. 2,050 ಮೆಗಾವ್ಯಾಟ್ ಪಾರ್ಕ್ ಅದು. ಅಷ್ಟು ಕರೆಂಟು ಹುಟ್ಟುವ ತಾಲ್ಲೂಕಿನಲ್ಲಿ ನನ್ನ ರೂಮಲ್ಲಿ ಫ್ಯಾನು ನಿಂತು ರಾತ್ರಿಯೆಲ್ಲ ಎದ್ದು ಕೂತಿದ್ದೇನೆ, ನಗು ಬರುತ್ತೆ ಅಲ್ವಾ?

ರೂಮಿಗೆ 2,000. ಒಂದು ಕೋಣೆ, ಬಚ್ಚಲು ಹೊರಗೆ, ಮನೆ ಯಜಮಾನಿ ಮಾತ್ರ ಬಂಗಾರದಂಥವರು. ನೈಟ್ ಡ್ಯೂಟಿ ಮುಗಿಸಿ ಬಂದರೆ ಬಾಗಿಲ ಹತ್ತಿರ ತಟ್ಟೆಯಲ್ಲಿ ಮುದ್ದೆ, ಉಪ್ಪುಸಾರು ಮುಚ್ಚಿಟ್ಟಿರುತ್ತಿತ್ತು. ಕುಡಿಯೋ ನೀರು ಮಾತ್ರ ಹುಷಾರು. ಆ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನಾನು ಬುದ್ಧಿವಂತೆ ಥರ ಮೊದಲ ವಾರ ಪೂರ್ತಿ ನೀರು ಕಾಯಿಸಿ ಕುಡಿದೆ. ಆಶಾ ಕಾರ್ಯಕರ್ತೆ ಅಕ್ಕ ನೋಡಿ ಬಿದ್ದು ಬಿದ್ದು ನಕ್ಕರು. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತೆ. ಇದನ್ನು ಪಾಠದಲ್ಲಿ ಓದಿದ್ದವಳು ನಾನು! ಆಮೇಲೆ ಎಲ್ಲರ ಹಾಗೆ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡೆ.

ಕೆಲಸದ ವಿಷಯಕ್ಕೆ ಬರೋಣ. ಬೆಳಿಗ್ಗೆ 8ರಿಂದ 2, 2ರಿಂದ 8, ರಾತ್ರಿ 8ರಿಂದ ಬೆಳಿಗ್ಗೆ 8. ಹಗಲು ಓಪಿಡಿ ಗಲಾಟೆ, ಅದು ಎಲ್ಲ ಕಡೆ ಒಂದೇ. ರಾತ್ರಿ ನಾನು, ಒಬ್ಬ ಗ್ರೂಪ್ ಡಿ ಅಣ್ಣ, ಕ್ವಾರ್ಟರ್ಸ್‌ನಲ್ಲಿ ಡಾಕ್ಟರು. ಹೋದ ಎರಡನೇ ವಾರ ರಾತ್ರಿ ಹನ್ನೊಂದರ ಮೇಲೆ ಹೊಲದಿಂದ ಒಬ್ಬರನ್ನು ಕರೆತಂದರು. ಕಾಲಿಗೆ ಹಾವು ಕಚ್ಚಿದೆ. ಅವರ ಮಗ ಆ ಹಾವನ್ನೇ ಹೊಡೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿಕೊಂಡು ಬಂದು ನನ್ನ ಟೇಬಲ್ ಮೇಲೆ ಇಟ್ಟ. ಕಿರುಚಲಿಲ್ಲ ಅಂತ ಈಗಲೂ ನನಗೆ ಹೆಮ್ಮೆ. ಡಾಕ್ಟರು ಬರುತ್ತಲೇ ಕೇಳಿದ್ದು ಒಂದು ಒಣಗಿದ ಹೊಸ ಗಾಜಿನ ಟ್ಯೂಬ್. ಅದರಲ್ಲಿ ಎರಡು ಎಂಎಲ್ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡಬೇಕು, ಆಮೇಲೆ ವಾಲಿಸಿ ನೋಡಬೇಕು. ಹೆಪ್ಪುಗಟ್ಟದೆ ನೀರಿನ ಹಾಗೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಅಂತ ಅರ್ಥ. ಸೋಪಿನಲ್ಲಿ ತೊಳೆದ ಟ್ಯೂಬ್ ಆಗಲ್ಲ, ಲೆಕ್ಕ ತಪ್ಪುತ್ತೆ. ಆ ಇಪ್ಪತ್ತು ನಿಮಿಷ ಗೋಡೆ ಗಡಿಯಾರ ನೋಡುತ್ತಾ ನಿಂತಿದ್ದು ಮರೆಯೋಕೆ ಆಗಲ್ಲ. ರಕ್ತ ಹರಿಯಿತು. ಹಾವಿನ ವಿಷಕ್ಕೆ ಕೊಡುವ ಆಂಟಿವೆನಮ್ ಹತ್ತು ವಯಲ್ ಸಲೈನಿಗೆ ಸೇರಿಸಿ ಶುರು ಮಾಡಿದೆವು. ರಿಯಾಕ್ಷನ್ ಆದರೆ ಕೊಡೋಕೆ ಅಂತ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡು ಪಕ್ಕದಲ್ಲೇ ಕೂತೆ. ಮನೆಯವರು ಹಿಂದೂಪುರಕ್ಕೆ ಕರೆದುಕೊಂಡು ಹೋಗೋಣವಾ ಅಂತ ಕೇಳುತ್ತಲೇ ಇದ್ದರು. ಬೆಳಿಗ್ಗೆ ಹಾವು ಕಚ್ಚಿಸಿಕೊಂಡವರೇ ಕಾಫಿ ಕೇಳಿದರು. ನನಗೂ ಒಂದು ತರಿಸಿದರು.

ಬೆಂಗಳೂರಲ್ಲಿ ಎರಡು ವರ್ಷ ವಾರ್ಡಲ್ಲಿದ್ದಾಗ ಆಂಟಿವೆನಮ್ ಬಾಟಲಿಯನ್ನು ಕೈಯಲ್ಲಿ ಹಿಡಿದವಳಲ್ಲ ನಾನು.

ಇನ್ನು ಭಾಷೆ. ಪಾವಗಡದಲ್ಲಿ ಕನ್ನಡ ಬರುತ್ತೆ, ಆದರೆ ನೋವಾದಾಗ ಬಾಯಿಗೆ ಬರೋದು ತೆಲುಗು. "ಎಕ್ಕಡ ನೊಪ್ಪಿ?" ಅನ್ನೋದು ಒಂದು ದಿನದಲ್ಲಿ ಕಲಿತೆ. ಆದರೆ ಒಬ್ಬ ತಾತ "ಆಯಾಸಂ, ಆಯಾಸಂ" ಅಂದರೆ ನಾನು ಸುಸ್ತು ಅಂತ ಬರೆದು ಬೆಂಚಲ್ಲಿ ಕೂರಿಸಿದೆ. ತೆಲುಗಿನಲ್ಲಿ ಆಯಾಸಂ ಅಂದರೆ ಉಬ್ಬಸ, ಏದುಸಿರು. ಡಾಕ್ಟರು ಎದೆಗೆ ಸ್ಟೆತ್ ಇಟ್ಟು ನನ್ನ ಮುಖ ನೋಡಿದರು. ತಾತ ಉಳಿದರು ಬಿಡಿ, ಆದರೆ ಆ ಪಾಳಿ ಪೂರ್ತಿ ನನಗೆ ಊಟ ಸೇರಲಿಲ್ಲ.

ಪಾವಗಡದ ಕೆಟ್ಟ ಭಾಗ ಅಂದರೆ ಏಜೆನ್ಸಿ. ಹೆಸರು ಬೇಡ. ಮೊದಲ ಸಂಬಳ ಬಂದಿದ್ದು 47ನೇ ದಿನ. ಬಿಲ್ ಪಾಸ್ ಆಗಿಲ್ಲ, ಬಜೆಟ್ ಬಂದಿಲ್ಲ, ಮೇಡಂ ರಜೆ ಇದ್ದಾರೆ, ಹೀಗೆ ದಿನಕ್ಕೊಂದು ಕಥೆ. ಮೂರನೇ ತಿಂಗಳ ದುಡ್ಡು ಕೈಗೆ ಬರುವ ಹೊತ್ತಿಗೆ ನಾನು ಕೋಲಾರದಲ್ಲಿದ್ದೆ. ಅಮ್ಮನ ಹತ್ತಿರ ಸಾಲ ಮಾಡಿ ಕೆಲಸಕ್ಕೆ ಹೋಗುವ ಮಗಳು ಅಂತ ಊರಲ್ಲಿ ತಮಾಷೆ ಮಾಡಿದರು.

ಕೋಲಾರದ್ದು ಪೂರ್ತಿ ಬೇರೆ ಪ್ರಪಂಚ. ಹೈವೇ ಪಕ್ಕದ ಒಂದು ಖಾಸಗಿ ಆಸ್ಪತ್ರೆ, ಕ್ಯಾಶುಯಲ್ಟಿ ಮತ್ತು ಐಸಿಯು, ಅದೂ ಮೂರು ತಿಂಗಳು. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಒಳಗೆ. ನರಸಾಪುರದ ಫ್ಯಾಕ್ಟರಿಗಳು ಬಂದ ಮೇಲೆ ಕೋಲಾರ ಸುತ್ತಮುತ್ತ ಬಾಡಿಗೆ ಅಗ್ಗ ಅನ್ನೋ ಮಾತನ್ನು ಮರೆತುಬಿಡಿ. ಪಿಜಿಗೆ ಊಟ ಸೇರಿ 6,500, ಒಂದು ರೂಮಲ್ಲಿ ಮೂವರು. ಪಿಜಿ ಊಟ ಅಂದರೆ ಗೊತ್ತಲ್ಲ, ಹೊರಗೆ ತಿನ್ನೋಕೆ ತಿಂಗಳಿಗೆ ಇನ್ನೊಂದು 1,500. ಶೇರ್ ಆಟೋಗೆ ದಿನಕ್ಕೆ 40. ಡ್ಯೂಟಿ ಹನ್ನೆರಡು ಗಂಟೆ, ತಿಂಗಳಿಗೆ 26 ದಿನ, ಸಂಬಳ ಮಾತ್ರ ತಪ್ಪದೆ 7ನೇ ತಾರೀಕು. ಅದೊಂದನ್ನು ಮೆಚ್ಚಲೇಬೇಕು. ಪಿಎಫ್ ಇಲ್ಲ. ಪ್ರೊಫೆಷನಲ್ ಫೀಸ್ ಅಂತ ತೋರಿಸಿ ಶೇಕಡಾ 10 ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದರು. ಅದು ರಿಟರ್ನ್ ಫೈಲ್ ಮಾಡಿದರೆ ವಾಪಸ್ ಬರುತ್ತೆ, ಆದರೆ ಎಷ್ಟು ಹುಡುಗಿಯರು ಫೈಲ್ ಮಾಡುತ್ತಾರೆ? ನನ್ನ ಜೊತೆ ಇದ್ದ ಇಬ್ಬರಿಗೆ ಅದು ತಮ್ಮದೇ ದುಡ್ಡು ಅಂತಲೇ ಗೊತ್ತಿರಲಿಲ್ಲ.

ಕೇಸುಗಳು ಅಂದರೆ ರಸ್ತೆ ಅಪಘಾತ, ಫ್ಯಾಕ್ಟರಿಯಲ್ಲಿ ಬೆರಳು ಸಿಕ್ಕಿಸಿಕೊಂಡವರು, ಮತ್ತೆ ಔಷಧಿ ಕುಡಿದವರು. ಕೋಲಾರ ಟೊಮೆಟೊ ಸೀಮೆ, ತೋಟದ ಮನೆಗಳಲ್ಲಿ ಕೀಟನಾಶಕ ಕೈಗೆ ಸಿಗುವ ಹಾಗೆ ಇರುತ್ತೆ. ಕೆಲವರು ಸ್ಪ್ರೇ ಮಾಡುವಾಗ ಮೈಗೆ ಹತ್ತಿಸಿಕೊಂಡವರು, ಕೆಲವರು ಬೇಕಂತಲೇ ಕುಡಿದವರು. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿರುತ್ತೆ, ಬಾಯಲ್ಲಿ ನೊರೆ, ಎದೆಯೆಲ್ಲ ಗೊರಗೊರ. ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡುತ್ತಾ, ಎದೆ ಒಣಗಿತಾ, ನಾಡಿ 80 ದಾಟಿತಾ ಅಂತ ಐದೈದು ನಿಮಿಷಕ್ಕೆ ನೋಡಿ ಬರೆಯುತ್ತಾ ಇರಬೇಕು. ಇದನ್ನು ಕೋಲಾರದಲ್ಲಿ ಕಲಿತಷ್ಟು ಚೆನ್ನಾಗಿ ಎಲ್ಲೂ ಕಲಿತಿಲ್ಲ. ವೆಂಟಿಲೇಟರ್ ಇದೆ, ಸೀನಿಯರ್ ಸಿಸ್ಟರ್ ಇದ್ದಾರೆ, ಕೂಗಿದರೆ ನಾಲ್ಕು ಜನ ಓಡಿ ಬರುತ್ತಾರೆ. ಭಯ ಕಮ್ಮಿ. ಆದರೆ ಮೂರು ತಿಂಗಳಲ್ಲಿ ನನ್ನ ಹೆಸರು ಹಿಡಿದು ಕರೆದವರು ಇಬ್ಬರೇ, ಉಳಿದವರಿಗೆಲ್ಲ ನಾನು "ಟೆಂಪರರಿ ಸಿಸ್ಟರ್". ಯಾರೂ ಬೇಡ ಅಂದ ಡ್ಯೂಟಿ ಟೆಂಪರರಿ ಸಿಸ್ಟರ್‌ಗೆ.

ಬಾಗೇಪಲ್ಲಿ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಅದು ಆರಾಮದ ಕೆಲಸ. ಒಂದು ಟ್ರಸ್ಟಿನ ವ್ಯಾನು, ಹತ್ತು ವಾರ. ಬಾಗೇಪಲ್ಲಿ, ಗುಡಿಬಂಡೆ ಕಡೆ ಹಳ್ಳಿಗಳಿಗೆ ಹೋಗಿ ಬಿಪಿ, ಶುಗರ್ ನೋಡಿ ಪಟ್ಟಿ ಮಾಡೋದು, ಜಾಸ್ತಿ ಇದ್ದವರನ್ನು ಪಿಎಚ್‌ಸಿಗೆ ಕಳಿಸೋದು. ಬೆಳಿಗ್ಗೆ 9ಕ್ಕೆ ಹೊರಟರೆ ಸಂಜೆ 5ಕ್ಕೆ ವಾಪಸ್. ನೈಟ್ ಇಲ್ಲ. ಉಳಿಯೋಕೆ ರೂಮು, ಮಧ್ಯಾಹ್ನದ ಊಟ ಅವರದೇ. ಭಾನುವಾರ ಗುಡಿಬಂಡೆ ಕೋಟೆ ಹತ್ತಿದ್ದೇನೆ, ಕೆಳಗೆ ಕೆರೆ ನೋಡುತ್ತಾ ಸುಮ್ನೆ ಕೂತಿದ್ದೇನೆ. ಇಲ್ಲೂ ತೆಲುಗೇ, ಆದರೆ ಅಷ್ಟೊತ್ತಿಗೆ ಆಯಾಸಂ ಅಂದರೆ ಏನು ಅಂತ ನನಗೆ ಗೊತ್ತಿತ್ತು! ತೊಂದರೆ ಒಂದೇ: ವ್ಯಾನು ಕೆಟ್ಟರೆ ದುಡ್ಡಿಲ್ಲ. ಒಂದು ತಿಂಗಳು 22 ದಿನ ಓಡಿತು, ಮುಂದಿನ ತಿಂಗಳು ಗೇರ್‌ಬಾಕ್ಸ್ ಹೋಗಿ 17 ದಿನ. ಇನ್ನೊಂದು, ಕೈ ಮರೆತುಹೋಗುತ್ತೆ. ಹತ್ತು ವಾರ ಒಂದು ಐವಿ ಲೈನ್ ಹಾಕಲಿಲ್ಲ ನಾನು.

ಈಗ ದುಡ್ಡು. ಡೈರಿಯಲ್ಲಿ ಬರೆದಿಟ್ಟಿದ್ದನ್ನೇ ಹೇಳುತ್ತೇನೆ.

ಪಾವಗಡದಲ್ಲಿ 18,000ಕ್ಕೆ ಬೇಸಿಕ್ 12,000 ಅಂತ ತೋರಿಸಿದ್ದರು. ಅದರಲ್ಲಿ ಪಿಎಫ್ ಶೇಕಡಾ 12, ಅಂದರೆ 1,440. ಇಎಸ್‌ಐ (ಆರೋಗ್ಯ ವಿಮೆ) 135. ಕೈಗೆ 16,425. ಬಾಡಿಗೆ 2,000, ಅಡುಗೆ ಸಾಮಾನು 2,800, ಸೋಪು, ಕರೆನ್ಸಿ, ಹಾಳುಮೂಳು ಎಲ್ಲ ಸೇರಿ 1,200. ಊರಿಗೆ ತಿಂಗಳಿಗೆ ಎರಡು ಸಲ ಹೋಗಿ ಬಂದಿದ್ದು ಶಕ್ತಿ ಯೋಜನೆ ಬಸ್ಸಲ್ಲಿ, ಟಿಕೆಟ್ ಸೊನ್ನೆ. ಉಳಿದಿದ್ದು 10,425. ಕೋಲಾರದಲ್ಲಿ ಟಿಡಿಎಸ್ ಹೋಗಿ ಕೈಗೆ 20,700. ಪಿಜಿ, ಹೊರಗಿನ ಊಟ, ಆಟೋ, ಹಾಳುಮೂಳು ಕಳೆದರೆ 10,460. ನೋಡಿ, 5,000 ಜಾಸ್ತಿ ಸಂಬಳದಲ್ಲಿ ತಿಂಗಳ ಕೊನೆಗೆ ಜಾಸ್ತಿ ಉಳಿದಿದ್ದು 35 ರೂಪಾಯಿ. ಟಿಡಿಎಸ್ ವಾಪಸ್ ಬಂದಾಗ ಕೋಲಾರ ಸ್ವಲ್ಪ ಮುಂದೆ ಹೋಗುತ್ತೆ ಅನ್ನಬಹುದು, ಆದರೆ ಪಾವಗಡದ ಪಿಎಫ್ ಕೂಡ ನನ್ನದೇ ದುಡ್ಡು ಅಲ್ವಾ, ಮಾಲೀಕರ ಪಾಲು ಬೇರೆ ಸೇರುತ್ತೆ. ಅದಕ್ಕಿಂತ ಮುಖ್ಯ, ಪಾವಗಡದಲ್ಲಿ ತಿಂಗಳಿಗೆ ಸುಮಾರು 200 ಗಂಟೆ ದುಡಿದೆ, ಕೋಲಾರದಲ್ಲಿ 312. ಗಂಟೆ ಲೆಕ್ಕ ಹಾಕಿದರೆ ಪಾವಗಡದಲ್ಲಿ 82 ರೂಪಾಯಿ, ಕೋಲಾರದಲ್ಲಿ 66. ಬಾಗೇಪಲ್ಲಿಯಲ್ಲಿ ಖರ್ಚು 2,800 ಅಷ್ಟೇ, ಹಾಗಾಗಿ ವ್ಯಾನು ಓಡಿದ ತಿಂಗಳು 10,400 ಉಳಿಯಿತು, ಕೆಟ್ಟ ತಿಂಗಳು 7,400.

ನನ್ನನ್ನು ಕೇಳಿದರೆ ಪಾವಗಡವೇ. ಆದರೆ ಕೋರ್ಸ್ ಮುಗಿಸಿದ ತಕ್ಷಣ ಹೋಗಬೇಡಿ. ರಾತ್ರಿ ಒಬ್ಬಳೇ ನಿಲ್ಲೋದು ಹುಡುಗಾಟ ಅಲ್ಲ, ನಮ್ಮ ಭಯಕ್ಕಿಂತ ಪೇಷಂಟಿನ ಜೀವ ದೊಡ್ಡದು. ಮೊದಲು ಕೋಲಾರದಂಥ ಕಡೆ ಆರು ತಿಂಗಳು ಒದ್ದಾಡಿ, ಕೈ ಪಳಗಿಸಿಕೊಳ್ಳಿ, ಆಮೇಲೆ ಆ ಕಡೆ ಬಸ್ಸು ಹತ್ತಿ. ಎರಡು ತಿಂಗಳ ಖರ್ಚಿನ ದುಡ್ಡು ಕೈಯಲ್ಲಿಟ್ಟುಕೊಂಡೇ ಹೋಗಿ, ಸಂಬಳ ಬರುತ್ತೆ ಅಂತ ನಂಬಿಕೊಂಡು ಹೋದರೆ ನನ್ನ ಹಾಗೆ ಅಮ್ಮನ ಹತ್ತಿರ ಬೈಸಿಕೊಳ್ಳುತ್ತೀರಿ. ಮದುವೆ ಆಗಿ ಚಿಕ್ಕ ಮಗು ಇರೋರಿಗೆ, ಪರೀಕ್ಷೆಗೆ ಓದುತ್ತಿರೋರಿಗೆ ಬಾಗೇಪಲ್ಲಿ ಥರದ ವ್ಯಾನ್ ಕೆಲಸ ಸರಿ. ಮನೆಯಲ್ಲಿ ಸಾಲ ಇದ್ದು ತಿಂಗಳು ತಿಂಗಳು ತಪ್ಪದೆ ಕಂತು ಕಟ್ಟಬೇಕು ಅನ್ನೋರು ಕಣ್ಣು ಮುಚ್ಚಿಕೊಂಡು ಕೋಲಾರಕ್ಕೆ ಹೋಗಿ. ಅಲ್ಲಿ 7ನೇ ತಾರೀಕಿಗೆ ದುಡ್ಡು ಬೀಳುತ್ತೆ, ಬೇರೆ ಯಾವುದೂ ಆಗ ಮುಖ್ಯ ಅಲ್ಲ.

ಎಲ್ಲಿಗೇ ಹೋದರೂ ಕರಾರಿನ ಕಾಗದ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಒರಿಜಿನಲ್ ಮಾರ್ಕ್ಸ್ ಕಾರ್ಡು, ನರ್ಸಿಂಗ್ ಕೌನ್ಸಿಲ್ ಸರ್ಟಿಫಿಕೇಟು ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಸಾಕು. ಬಿಡುವ ದಿನವೇ ಅನುಭವ ಪತ್ರ ಕೈಗೆ ಇಸ್ಕೊಳ್ಳಿ. ಪಾವಗಡದ ಏಜೆನ್ಸಿಯಿಂದ ಆ ಪತ್ರ ತರೋಕೆ ನಾನು ಮೂರು ಸಲ ತುಮಕೂರಿಗೆ ಓಡಾಡಿದ್ದೇನೆ. ಬಸ್ಸು ಫ್ರೀ ಇದ್ದಿದ್ದಕ್ಕೆ ಬಚಾವ್.

ಮೊನ್ನೆ ಇನ್ನೊಂದು ಏಜೆನ್ಸಿಯಿಂದ ಫೋನು ಬಂತು. ಮುಳಬಾಗಿಲು ಕಡೆ ಎರಡು ತಿಂಗಳು, ಹೆರಿಗೆ ವಾರ್ಡು. ಅವರು ಸಂಬಳ ಹೇಳೋಕೆ ಮುಂಚೆ ನಾನೇ ಕೇಳಿದೆ, ರಾತ್ರಿ ನನ್ನ ಜೊತೆ ಇನ್ನೊಬ್ಬ ಸಿಸ್ಟರ್ ಇರುತ್ತಾರಾ ಅಂತ. "ಕೇಳಿ ಹೇಳ್ತೀನಿ ಮೇಡಂ" ಅಂದರು. ನಾಲ್ಕು ದಿನ ಆಯಿತು, ಇನ್ನೂ ಕೇಳುತ್ತಿದ್ದಾರೆ ಅನ್ನಿಸುತ್ತೆ.